ಓದಿದ್ದು ಎಲ್ಲಿ ಹೋಯಿತು?

ಪರೀಕ್ಷೆ ಬರೆದು ಬಂದ ಸಂಜೆ ಅನೇಕ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ. ‘ಎಲ್ಲಾ ಓದಿದ್ದೆ. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಮರೆತುಹೋಯಿತು’ ಎನ್ನುತ್ತಾಳೆ ಮಗಳು. ‘ಓದಿದ್ದರೆ ತಾನೇ ನೆನಪಿರೋದು?’ ಎಂದು ತಂದೆ ಗದರುತ್ತಾರೆ. ‘ರಾತ್ರಿ ಹನ್ನೊಂದರವರೆಗೂ ಪುಸ್ತಕ ಹಿಡಿದು ಕೂತಿರ್ತಾಳೆ, ನಾನೇ ನೋಡಿದೀನಲ್ಲ’ ಎಂದು ತಾಯಿ ಮಗಳ ಪರ ವಹಿಸುತ್ತಾರೆ. ಆಕೆ ಓದಿದ್ದೂ ಸುಳ್ಳಲ್ಲ, ಮರೆತದ್ದೂ ಸುಳ್ಳಲ್ಲ.

ಈ ಮಾತುಕತೆ ವರ್ಷಕ್ಕೆ ನಾಲ್ಕಾರು ಬಾರಿ ನಡೆದರೆ ಅದರ ಫಲಿತಾಂಶ ಅಂಕಪಟ್ಟಿಯಲ್ಲಷ್ಟೇ ಉಳಿಯುವುದಿಲ್ಲ. ‘ನನ್ನ ತಲೆಗೆ ಹತ್ತೋದೇ ಇಷ್ಟು’ ಎಂದು ಮಗು ತನ್ನ ಬಗ್ಗೆ ತಾನೇ ತೀರ್ಪು ಬರೆದುಕೊಳ್ಳುತ್ತದೆ. ಹತ್ತನೆಯ ತರಗತಿಯ ನಂತರ ‘ವಿಜ್ಞಾನ ನನಗಲ್ಲ, ಗಣಿತ ನನಗಲ್ಲ’ ಎಂದು ದಾರಿ ಬದಲಿಸುವ ಮಕ್ಕಳಲ್ಲಿ ಇಂಥ ತೀರ್ಪನ್ನು ಹೊತ್ತವರೂ ಇರುತ್ತಾರೆ. ಅವರ ಬುದ್ಧಿಯಲ್ಲಿ ಕೊರತೆ ಇರದೆ, ಓದುವ ಕ್ರಮದಲ್ಲಷ್ಟೇ ಕೊರತೆ ಇದ್ದರೆ? ಮನಃಶಾಸ್ತ್ರಜ್ಞರು ನೂರಕ್ಕೂ ಹೆಚ್ಚು ವರ್ಷಗಳಿಂದ ಕಲೆಹಾಕಿರುವ ಪುರಾವೆಗಳು ಈ ಅನುಮಾನವನ್ನು ಬಲಪಡಿಸುತ್ತವೆ.

ಮನಃಶಾಸ್ತ್ರವೆಂದರೆ ಮನೋರೋಗಕ್ಕೆ ಸಂಬಂಧಿಸಿದ ಶಾಸ್ತ್ರ ಎಂಬ ತಿಳಿವಳಿಕೆ ಇಂದಿಗೂ ಹಲವರಲ್ಲಿದೆ. ಆದರೆ ಮನುಷ್ಯ ಹೇಗೆ ಕಲಿಯುತ್ತಾನೆ, ಏಕೆ ಮರೆಯುತ್ತಾನೆ ಎಂಬುದೂ ಅದರ ಮುಖ್ಯ ವಿಷಯವೇ. ನಮ್ಮ ನಾಡಿಗೆ ಅದು ಹೊಸತೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗ ಪ್ರಾರಂಭವಾದದ್ದು 1924ರಲ್ಲಿ. ಅದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದವರೂ ಅವರೇ.

ಮರೆವಿನ ಲೆಕ್ಕ

ಮರೆವನ್ನು ಮೊಟ್ಟಮೊದಲು ಅಳತೆಗೆ ಒಳಪಡಿಸಿದವನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಆತನ ಪ್ರಯೋಗಶಾಲೆಯೂ ಆತನೇ, ಪ್ರಯೋಗಪಶುವೂ ಆತನೇ! ಯಾವ ಅರ್ಥವೂ ಇಲ್ಲದ ಸುಮಾರು 2,300 ಉಚ್ಚಾರಾಂಶಗಳನ್ನು ತಯಾರಿಸಿಕೊಂಡು, ಅವುಗಳ ಪಟ್ಟಿಗಳನ್ನು ಬಾಯಿಪಾಠ ಮಾಡುತ್ತಿದ್ದ. ಸ್ವಲ್ಪ ಕಾಲ ಬಿಟ್ಟು ಅದೇ ಪಟ್ಟಿಯನ್ನು ಮತ್ತೆ ಕಲಿಯುತ್ತಿದ್ದ. ಎರಡನೆಯ ಸಲ ಎಷ್ಟು ಶ್ರಮ ಉಳಿಯಿತು ಎಂದು ಲೆಕ್ಕವಿಡುತ್ತಿದ್ದ. 1885ರಲ್ಲಿ ಈ ಲೆಕ್ಕವನ್ನು ಪುಸ್ತಕವಾಗಿ ಪ್ರಕಟಿಸಿದ.

ಕಲಿತ ಇಪ್ಪತ್ತು ನಿಮಿಷಗಳ ನಂತರ ಆತನಿಗೆ ಉಳಿಯುತ್ತಿದ್ದ ಶ್ರಮ ಶೇಕಡಾ 58ರಷ್ಟು. ಒಂದು ಗಂಟೆಯ ನಂತರ ಅದು 44ಕ್ಕೆ ಇಳಿಯಿತು. ಒಂದು ದಿನದ ನಂತರ ಸುಮಾರು 34. ಒಂದು ತಿಂಗಳ ನಂತರ 21. ಈ ಅಂಕಿಗಳನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ಮೊದಲ ದಿನವೇ ದೊಡ್ಡ ಪಾಲು ಸೋರಿಹೋಗುತ್ತದೆ. ಆ ಮೇಲಿನ ಮೂವತ್ತು ದಿನಗಳಲ್ಲಿ ಸೋರುವುದು ಅಲ್ಪ. 2015ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಇಬ್ಬರು ಸಂಶೋಧಕರು ಇದೇ ಪ್ರಯೋಗವನ್ನು ಮತ್ತೆ ಮಾಡಿ, ಹೆಚ್ಚುಕಡಿಮೆ ಇದೇ ಚಿತ್ರವನ್ನು ಕಂಡರು.

ಅರ್ಥವುಳ್ಳ ಪಾಠ ಅರ್ಥವಿಲ್ಲದ ಪಟ್ಟಿಯಷ್ಟು ಬೇಗ ಮರೆಯುವುದಿಲ್ಲ, ನಿಜ. ಆದರೂ ಇಲ್ಲಿ ಪಾಲಕರು ತಿಳಿಯಬೇಕಾದ ಒಂದು ಸಂಗತಿಯಿದೆ. ಮರೆವು ದಡ್ಡತನದ ಗುರುತಲ್ಲ. ಎಬ್ಬಿಂಗ್‌ಹೌಸ್‌ನಂಥ ವಿದ್ವಾಂಸನ ತಲೆಯೂ ಹಾಗೆಯೇ ಸೋರುತ್ತಿತ್ತು. ನಿನ್ನೆ ಕೇಳಿದ ಪಾಠವನ್ನು ಇಂದು ಅರ್ಧಂಬರ್ಧ ಹೇಳುವ ಹುಡುಗ ಎಲ್ಲರಂತೆಯೇ ಇದ್ದಾನೆ. ಸೋರುವುದನ್ನು ತಡೆಯುವ ಉಪಾಯ ಅವನಿಗೆ ಗೊತ್ತಿಲ್ಲ, ಅಷ್ಟೆ.

ಗುರುತು ಬೇರೆ, ನೆನಪು ಬೇರೆ

ಐವತ್ತು ರೂಪಾಯಿಯ ಹೊಸ ನೋಟು ಚಲಾವಣೆಗೆ ಬಂದದ್ದು 2017ರಲ್ಲಿ. ಅಂದಿನಿಂದ ಅದನ್ನು ಎಷ್ಟು ಬಾರಿ ಕೈಯಲ್ಲಿ ಹಿಡಿದಿದ್ದೇವೋ ಲೆಕ್ಕವಿಲ್ಲ. ಅದರ ಹಿಂಬದಿಯಲ್ಲಿ ಯಾವ ಚಿತ್ರವಿದೆ? ಜೇಬಿಗೆ ಕೈಹಾಕದೆ ಉತ್ತರ ಹೇಳಲು ಹೊರಟರೆ ಅನೇಕರು ತಡವರಿಸುತ್ತಾರೆ. ನೋಟು ತೋರಿಸಿದ ಕೂಡಲೇ ‘ಅಯ್ಯೋ, ನಮ್ಮ ಹಂಪಿಯ ಕಲ್ಲಿನ ರಥ!’ ಎನ್ನುತ್ತಾರೆ. ಅಮೆರಿಕದಲ್ಲಿ 1979ರಲ್ಲಿ ನಿಕರ್ಸನ್ ಮತ್ತು ಆಡಮ್ಸ್ ಎಂಬ ಸಂಶೋಧಕರು ಜನರಿಗೆ ದಿನನಿತ್ಯ ಬಳಸುವ ಒಂದು ಸೆಂಟಿನ ನಾಣ್ಯದ ಚಿತ್ರ ಬರೆಯಲು ಹೇಳಿದಾಗಲೂ ಹೀಗೆಯೇ ಆಯಿತು. ಸಾವಿರಾರು ಸಲ ನೋಡಿದ ವಸ್ತುವನ್ನು ಸರಿಯಾಗಿ ನೆನೆದು ಬರೆಯುವುದು ಅವರಿಗೂ ಕಷ್ಟವಾಯಿತು.

ಕಣ್ಣೆದುರು ಇರುವುದನ್ನು ‘ಇದು ನನಗೆ ಗೊತ್ತು’ ಎಂದುಕೊಳ್ಳುವುದು ಗುರುತು ಹಿಡಿಯುವ ಕೆಲಸ. ಕಣ್ಣೆದುರು ಇಲ್ಲದ್ದನ್ನು ಮನಸ್ಸಿನಿಂದ ಹೊರತೆಗೆಯುವುದು ನೆನೆಯುವ ಕೆಲಸ. ಮನೆಯಲ್ಲಿ ಪುಸ್ತಕ ತೆರೆದು ಮೂರನೆಯ ಸಲ ‘ಬೆಳಕಿನ ವಕ್ರೀಭವನ’ ಓದುವ ವಿದ್ಯಾರ್ಥಿ ಮಾಡುತ್ತಿರುವುದು ಮೊದಲನೆಯದನ್ನು. ಸಾಲುಗಳು ಪರಿಚಿತ, ಚಿತ್ರ ಪರಿಚಿತ, ದಪ್ಪಕ್ಷರದ ವ್ಯಾಖ್ಯೆಯೂ ಪರಿಚಿತ. ಈ ಪರಿಚಯವನ್ನೇ ಆತ ಕಲಿಕೆ ಎಂದು ಭ್ರಮಿಸುತ್ತಾನೆ. ಪರೀಕ್ಷೆಯ ಕೊಠಡಿಯಲ್ಲಿ ಕೇಳುವುದಾದರೋ ಎರಡನೆಯದನ್ನು. ಒಂದು ಕೆಲಸದ ಅಭ್ಯಾಸ ಮಾಡಿ ಇನ್ನೊಂದು ಕೆಲಸದ ಸ್ಪರ್ಧೆಗೆ ಇಳಿದಂತಾಯಿತು. ದಡದಲ್ಲಿ ಕೂತು ಈಜುವವರನ್ನು ದಿನವೂ ನೋಡಿದವನನ್ನು ಕೆರೆಗೆ ನೂಕಿದರೆ ಏನಾಗುತ್ತದೋ, ಇಲ್ಲಿಯೂ ಅದೇ ಆಗುತ್ತದೆ.

ಈ ಮಾತಿಗೆ ಸ್ಪಷ್ಟ ಪುರಾವೆ ಒದಗಿಸಿದವರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಮುಖ್ಯರು. 2006ರಲ್ಲಿ ಪ್ರಕಟವಾದ ಅವರ ಒಂದು ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ವಿಜ್ಞಾನದ ಸಣ್ಣ ಗದ್ಯಭಾಗವನ್ನು ಕೊಡಲಾಯಿತು. ಒಂದು ಗುಂಪು ನಾಲ್ಕು ಅವಧಿಗಳಲ್ಲೂ ಅದನ್ನು ಓದಿತು. ಇನ್ನೊಂದು ಗುಂಪು ಒಂದೇ ಅವಧಿಯಲ್ಲಿ ಓದಿ, ಉಳಿದ ಮೂರು ಅವಧಿಗಳಲ್ಲಿ ಹಾಳೆ ಮುಚ್ಚಿ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷಗಳ ನಂತರ ಪರೀಕ್ಷಿಸಿದಾಗ ಓದಿದ ಗುಂಪೇ ಮುಂದೆ. ಅವರದು ಶೇ 83, ಬರೆದವರದು 71. ಒಂದು ವಾರದ ನಂತರ ಲೆಕ್ಕ ತಲೆಕೆಳಗಾಯಿತು. ಓದಿದವರು 40ಕ್ಕೆ ಕುಸಿದಿದ್ದರು. ಬರೆದವರು 61ರಲ್ಲಿ ನಿಂತಿದ್ದರು.

ಈ ಪ್ರಯೋಗದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಒಂದು ವಾರದ ನಂತರ ಎಷ್ಟು ನೆನಪಿರಬಹುದು ಎಂದು ಮೊದಲೇ ಕೇಳಿದಾಗ, ಹೆಚ್ಚು ಭರವಸೆ ತೋರಿದವರು ಬರಿದೇ ಓದಿದವರು! ‘ಎಲ್ಲಾ ಓದಿದ್ದೆ, ಹೇಗೆ ಮರೆತುಹೋಯಿತೋ’ ಎಂಬ ಮಗುವಿನ ಅಚ್ಚರಿಗೆ ಕಾರಣ ಇಲ್ಲಿದೆ. ಮಗು ಸುಳ್ಳು ಹೇಳುತ್ತಿಲ್ಲ. ಮತ್ತೆ ಮತ್ತೆ ಓದುವುದು ಸುಲಭವೆನಿಸುತ್ತದೆ, ಆ ಸುಲಭತೆಯೇ ಮೋಸ ಮಾಡುತ್ತದೆ. ಪುಸ್ತಕ ಮುಚ್ಚಿ ನೆನೆಯುವುದು ತ್ರಾಸದಾಯಕ. ‘ನನಗೇನೂ ಬರೋಲ್ಲ’ ಎಂಬ ಭಾವನೆ ಬರುವುದೂ ಆಗಲೇ. ಆದರೆ ಆ ತ್ರಾಸವೇ ನೆನಪನ್ನು ಗಟ್ಟಿಗೊಳಿಸುತ್ತದೆ. ಹೊಲದಲ್ಲಿ ಕಾಲುದಾರಿ ಮೂಡುವುದು ದೂರದಿಂದ ನೋಡಿದ್ದರಿಂದಲ್ಲ, ನಡೆದದ್ದರಿಂದ.

ಇದು ಇತ್ತೀಚಿನ ಶೋಧವೇನೂ ಅಲ್ಲ. ಅಮೆರಿಕದ ಆರ್ಥರ್ ಗೇಟ್ಸ್ 1917ರಲ್ಲಿಯೇ ಶಾಲಾ ಮಕ್ಕಳ ಮೇಲೆ ಪ್ರಯೋಗ ಮಾಡಿ, ಓದಿಗಿಂತ ನೆನೆದು ಒಪ್ಪಿಸುವುದಕ್ಕೆ ಹೆಚ್ಚು ಸಮಯ ಕೊಟ್ಟವರಿಗೆ ಹೆಚ್ಚು ಲಾಭವೆಂದು ತೋರಿಸಿದ್ದರು. 1939ರಲ್ಲಿ ಹರ್ಬರ್ಟ್ ಸ್ಪಿಟ್ಜರ್ ಅಯೋವಾ ರಾಜ್ಯದ ಆರನೆಯ ತರಗತಿಯ 3,605 ಮಕ್ಕಳನ್ನು ಪರೀಕ್ಷಿಸಿದರು. ಪಾಠ ಓದಿದ ದಿನವೇ ಸಣ್ಣ ಪರೀಕ್ಷೆ ಎದುರಿಸಿದ ಮಕ್ಕಳಲ್ಲಿ ನೆನಪು ಹೆಚ್ಚು ಉಳಿದಿತ್ತು. ಮೊದಲ ಪರೀಕ್ಷೆ ತಡವಾದಷ್ಟೂ ಅದರ ಪ್ರಯೋಜನ ಕಡಿಮೆಯಾಗಿತ್ತು. ಸೋರುವ ಮೊದಲೇ ಕೈಯೊಡ್ಡಬೇಕು ಎಂಬುದು ಇದರ ಸಾರ.

ಹಳೆಯ ಕಾಲದ ಕೂಲಿಮಠಗಳಲ್ಲಿ ಸಂಜೆ ಮಕ್ಕಳು ಮಗ್ಗಿ ಹೇಳುತ್ತಿದ್ದುದು ಪುಸ್ತಕ ನೋಡಿಕೊಂಡಲ್ಲ. ಸಂಗೀತದ ಗುರುಗಳು ಹಿಂದಿನ ದಿನದ ಪಾಠವನ್ನು ಶಿಷ್ಯನಿಂದ ಹಾಡಿಸದೆ ಹೊಸ ಪಾಠಕ್ಕೆ ಹೋಗುತ್ತಿರಲಿಲ್ಲ. ಶ್ರವಣದ ನಂತರ ಮನನ ಎಂದು ಹಿರಿಯರು ಹೇಳಿದ್ದರಲ್ಲೂ ಈ ತಿಳಿವಿನ ಎಳೆಯಿದೆ. ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂಬ ಗಾದೆಯಂತೆ ಸಮಯವನ್ನೂ ಹಂಚಿಕೊಂಡರೆ ನಷ್ಟವಿಲ್ಲ.

ಜಡಿಮಳೆಯೋ, ಸೋನೆಮಳೆಯೋ?

ಎರಡನೆಯ ಉಪಾಯ ಅಂತರ ಬಿಟ್ಟು ಓದುವುದು. ಒಂದೇ ತಾಸು ಜಡಿಮಳೆ ಸುರಿದರೆ ನೀರೆಲ್ಲ ಹರಿದು ಹಳ್ಳ ಸೇರುತ್ತದೆ. ಅಷ್ಟೇ ನೀರು ನಾಲ್ಕು ದಿನ ಸೋನೆಯಾಗಿ ಬಿದ್ದರೆ ನೆಲಕ್ಕೆ ಇಳಿಯುತ್ತದೆ. ಓದಿನದೂ ಇದೇ ರೀತಿ.

ಎಬ್ಬಿಂಗ್‌ಹೌಸ್‌ನೇ ಇದನ್ನೂ ಗಮನಿಸಿದ್ದ. ಒಂದೇ ದಿನ 68 ಸಲ ಪಠಿಸಿ ಪಡೆದ ಫಲವನ್ನು ಮೂರು ದಿನಗಳಿಗೆ ಹಂಚಿದಾಗ 38 ಸಲದಲ್ಲೇ ಪಡೆಯಬಹುದಾಗಿತ್ತು. ಅಂತರ ಎಷ್ಟಿರಬೇಕು? ಪರೀಕ್ಷೆ ಎಷ್ಟು ದೂರದಲ್ಲಿದೆ ಎಂಬುದರ ಮೇಲೆ ಅದು ನಿಂತಿದೆ. ನಿಕೊಲಾಸ್ ಸೆಪೆಡಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದು ವಾರದ ಆಚೆಗಿನ ಪರೀಕ್ಷೆಗೆ ಸುಮಾರು ಒಂದು ದಿನದ ಅಂತರ ಒಳ್ಳೆಯದು. ಎರಡು ಮೂರು ತಿಂಗಳ ಆಚೆಗಿನದಕ್ಕೆ ಮೂರು ವಾರಗಳ ಅಂತರ ಸೂಕ್ತ.

ಸರಳವಾಗಿ ಹೀಗೆ ಹೇಳಬಹುದು. ಸೋಮವಾರ ತರಗತಿಯಲ್ಲಿ ‘ಆಮ್ಲ ಮತ್ತು ಪ್ರತ್ಯಾಮ್ಲ’ ಪಾಠ ನಡೆದರೆ ಅಂದೇ ಸಂಜೆ ಹತ್ತು ನಿಮಿಷ ಪುಸ್ತಕ ಮುಚ್ಚಿ ನೆನೆಯಬೇಕು. ಮಂಗಳವಾರ ಐದು ನಿಮಿಷ. ಭಾನುವಾರ ಇನ್ನೊಮ್ಮೆ. ಆ ಬಳಿಕ ಮೂರು ವಾರ ಬಿಟ್ಟು ಮತ್ತೊಮ್ಮೆ. ಒಟ್ಟು ಸಮಯ ಅರ್ಧ ತಾಸು ದಾಟದು. ಪರೀಕ್ಷೆಯ ಹಿಂದಿನ ರಾತ್ರಿ ಅದೇ ಪಾಠಕ್ಕೆ ಎರಡು ತಾಸು ಕೂರುವುದಕ್ಕಿಂತ ಇದು ಅಗ್ಗ. ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವುದು ಇನ್ನೂ ದುಬಾರಿ, ಏಕೆಂದರೆ ಕಲಿತದ್ದು ನೆಲೆಗೊಳ್ಳಲು ನಿದ್ದೆ ಬೇಕು. 1924ರಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ನಡೆಸಿದ ಪ್ರಯೋಗದಲ್ಲಿಯೇ, ಕಲಿತ ನಂತರ ಎಚ್ಚರವಿದ್ದಾಗ ಆಗುವುದಕ್ಕಿಂತ ನಿದ್ದೆ ಮಾಡಿದಾಗ ಕಡಿಮೆ ಮರೆವಾಗುವುದು ಕಂಡುಬಂದಿತ್ತು.

ಬೆರೆಸಿ ಅಭ್ಯಾಸ ಮಾಡುವುದು

ಗಣಿತ ಮತ್ತು ಭೌತಶಾಸ್ತ್ರದ ಲೆಕ್ಕಗಳಿಗೆ ಮೂರನೆಯ ಉಪಾಯವೊಂದಿದೆ. ಪಠ್ಯಪುಸ್ತಕದ ಒಂದು ಅಭ್ಯಾಸದಲ್ಲಿ ಸಾಮಾನ್ಯವಾಗಿ ಒಂದೇ ಜಾತಿಯ ಲೆಕ್ಕಗಳಿರುತ್ತವೆ. ಸರಣಿ ಜೋಡಣೆಯ ಪಾಠದ ಕೊನೆಯಲ್ಲಿ ಹತ್ತು ಲೆಕ್ಕಗಳಿದ್ದರೆ ಹತ್ತರಲ್ಲೂ ರೋಧಗಳನ್ನು ಕೂಡಿದರಾಯಿತು. 6 ಓಮ್ ಮತ್ತು 3 ಓಮ್ ಸೇರಿ 9 ಓಮ್. ಹುಡುಗ ಲೆಕ್ಕವನ್ನು ಓದುವುದೇ ಇಲ್ಲ, ಅಂಕಿಗಳನ್ನು ಹೆಕ್ಕಿ ಕೂಡುತ್ತಾನೆ. ಹತ್ತೂ ಸರಿ! ಪರೀಕ್ಷೆಯಲ್ಲಿ ಅದೇ ರೋಧಕಗಳನ್ನು ಸಮಾಂತರವಾಗಿ ಜೋಡಿಸಿ ಕೇಳಿದರೆ ಆಗಲೂ 9 ಎಂದೇ ಬರೆಯುತ್ತಾನೆ. ಸರಿಯಾದ ಉತ್ತರ 2 ಓಮ್. ಅವನಿಗೆ ಸೂತ್ರ ಗೊತ್ತಿಲ್ಲವೆಂದಲ್ಲ. ಯಾವ ಸೂತ್ರ ಎಲ್ಲಿಗೆ ಎಂದು ಆರಿಸುವ ಅಭ್ಯಾಸ ಅವನಿಗೆ ಸಿಕ್ಕೇ ಇಲ್ಲ.

2007ರಲ್ಲಿ ಡೌಗ್ ರೋರರ್ ಮತ್ತು ಕೆಲ್ಲಿ ಟೇಲರ್ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳನ್ನು ಎರಡು ಗುಂಪುಗಳಿಗೆ ಕೊಟ್ಟರು. ಒಂದು ಗುಂಪಿಗೆ ಒಂದೊಂದು ಜಾತಿಯನ್ನೇ ಒಟ್ಟಾಗಿ, ಇನ್ನೊಂದಕ್ಕೆ ಎಲ್ಲವನ್ನೂ ಬೆರೆಸಿ. ಅಭ್ಯಾಸದ ವೇಳೆ ಮೊದಲ ಗುಂಪು ಶೇ 89 ಸರಿ ಮಾಡಿತು, ಬೆರೆಸಿದ ಗುಂಪು 60 ಮಾತ್ರ. ಒಂದು ವಾರದ ನಂತರ ಮೊದಲ ಗುಂಪಿನ ಅಂಕ 20, ಬೆರೆಸಿ ಕಲಿತವರದು 63! ಆದುದರಿಂದ ಹೊಸ ಪಾಠದ ಐದು ಲೆಕ್ಕಗಳ ಜೊತೆಗೆ ಹಳೆಯ ಪಾಠಗಳ ಎರಡು ಮೂರು ಲೆಕ್ಕಗಳನ್ನು ಸೇರಿಸಿ ಮಾಡುವುದು ಲಾಭದಾಯಕ. ಆ ದಿನ ಹೆಚ್ಚು ತಪ್ಪಾದರೂ ಎದೆಗುಂದಬೇಕಿಲ್ಲ.

ತರಗತಿಯಲ್ಲಿ ಏನು ಮಾಡಬಹುದು?

ಪಾಠ ಮುಗಿಸಿ ಉಪಾಧ್ಯಾಯರು ‘ಎಲ್ಲರಿಗೂ ಅರ್ಥವಾಯಿತೇ?’ ಎಂದು ಕೇಳುತ್ತಾರೆ. ‘ಆಯ್ತು ಸಾರ್’ ಎಂದು ಇಡೀ ತರಗತಿ ರಾಗವಾಗಿ ಉತ್ತರಿಸುತ್ತದೆ. ಈ ಪ್ರಶ್ನೋತ್ತರದಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಅದರ ಬದಲು ಪಿರಿಯಡ್ಡಿನ ಕೊನೆಯ ಐದು ನಿಮಿಷ ಪುಸ್ತಕ ಮುಚ್ಚಿಸಿ, ಒಂದು ತುಂಡು ಕಾಗದದಲ್ಲಿ ‘ಇಂದು ಕಲಿತ ಮೂರು ಸಂಗತಿ ಬರೆಯಿರಿ’ ಎನ್ನಬಹುದು. ಮರುದಿನದ ಪಾಠವನ್ನು ನಿನ್ನೆಯದರ ಎರಡು ಪ್ರಶ್ನೆ, ಕಳೆದ ತಿಂಗಳ ಒಂದು ಪ್ರಶ್ನೆಯಿಂದ ಶುರುಮಾಡಬಹುದು. ಪ್ರಶ್ನೆ ಕೇಳಿದ ಮೇಲೆ ಕೆಲವು ಕ್ಷಣ ಸುಮ್ಮನಿದ್ದು, ಅನಂತರ ಒಬ್ಬರ ಹೆಸರು ಕರೆಯಬೇಕು. ಹೆಸರು ಮೊದಲೇ ಕರೆದರೆ ಉಳಿದ ಐವತ್ತು ಮಂದಿಯ ಮನಸ್ಸು ಬಿಡುವು ಪಡೆಯುತ್ತದೆ.

ಇಲ್ಲಿ ಒಂದು ನಿಯಮ ಮುಖ್ಯ. ಇಂಥ ಕಿರುಪ್ರಶ್ನೆಗಳಿಗೆ ಅಂಕವಿರಬಾರದು, ಬೈಗುಳ ಇರಲೇಬಾರದು. ಬೆಂಚಿನ ಮೇಲೆ ನಿಲ್ಲಿಸುವ ಭಯ ಸೇರಿಕೊಂಡರೆ ಮಗುವಿನ ಗಮನವೆಲ್ಲ ಆ ಭಯಕ್ಕೇ ಖರ್ಚಾಗುತ್ತದೆ, ನೆನೆಯಲು ಏನೂ ಉಳಿಯುವುದಿಲ್ಲ. ಪರೀಕ್ಷೆ ಎಂದರೆ ತೂಗುವ ತಕ್ಕಡಿ ಮಾತ್ರವಲ್ಲ, ಅದು ಕಲಿಸುವ ಸಾಧನವೂ ಹೌದು ಎಂಬುದನ್ನು ಮಕ್ಕಳು ಅನುಭವದಿಂದ ಕಾಣುವಂತಾಗಬೇಕು.

ಮನೆಯಲ್ಲಿ ಪಾಲಕರ ಪಾತ್ರ

‘ಓದ್ಕೋ ಹೋಗು’ ಎನ್ನುವ ಮಾತಿನಿಂದ ಮಗು ಪುಸ್ತಕ ತೆರೆಯುತ್ತದೆ. ‘ಇವತ್ತು ಏನು ಹೇಳಿಕೊಟ್ಟರು, ನನಗೂ ಸ್ವಲ್ಪ ಹೇಳು’ ಎಂಬ ಮಾತಿನಿಂದ ಮಗು ಮನಸ್ಸು ತೆರೆಯುತ್ತದೆ. ಈ ಎರಡನೆಯ ಮಾತಿಗೆ ಟ್ಯೂಷನ್ ಶುಲ್ಕ ಬೇಕಿಲ್ಲ. ಕೇಳುವವರಿಗೆ ವಿಜ್ಞಾನ ಗೊತ್ತಿರಬೇಕೆಂದೂ ಇಲ್ಲ, ಅಕ್ಷರ ಗೊತ್ತಿರಬೇಕೆಂದೂ ಇಲ್ಲ. ಒಲೆಯ ಮುಂದೆ ರೊಟ್ಟಿ ತಟ್ಟುತ್ತಾ ತಾಯಿ ‘ಅದ್ಯಾಕೆ ಹಾಗಾಗುತ್ತೆ?’ ಎಂದು ಕೇಳಿದರೆ ಸಾಕು. ಎಲೆ ಸೂರ್ಯನ ಬೆಳಕಿನಲ್ಲಿ ಆಹಾರ ತಯಾರಿಸುವ ಬಗೆಯನ್ನು ಆಕೆಗೆ ಅರ್ಥವಾಗುವಂತೆ ಹೇಳಲು ಹೊರಟ ಮಗುವಿಗೆ, ತನಗೆ ಎಲ್ಲಿ ತಿಳಿದಿದೆ, ಎಲ್ಲಿ ತಿಳಿದಿಲ್ಲ ಎಂಬುದು ತಾನಾಗಿ ಗೊತ್ತಾಗುತ್ತದೆ. ಓದು ಬರದ ತಂದೆತಾಯಿ ‘ನಮಗೇನು ಗೊತ್ತಾಗುತ್ತೆ’ ಎಂದು ಹಿಂಜರಿಯಬೇಕಿಲ್ಲ. ಕಲಿಕೆಯ ಈ ಅರ್ಧ ಭಾಗ ಕೇಳುವ ಕಿವಿಯಿಂದಲೇ ನಡೆಯುತ್ತದೆ.

ವಿದ್ಯಾರ್ಥಿಗಳು ಚೀಟಿಗಳನ್ನೂ ಬಳಸಬಹುದು. ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಕತ್ತರಿಸಿಕೊಂಡರೂ ನಡೆದೀತು. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಇದಕ್ಕೊಂದು ಪೆಟ್ಟಿಗೆಯ ವಿಧಾನ ಸೂಚಿಸಿದ. ಉತ್ತರ ಸರಿಯಾದ ಚೀಟಿ ಮುಂದಿನ ಖಾನೆಗೆ ಹೋಗುತ್ತದೆ, ಅದರ ಸರದಿ ತಡವಾಗಿ ಬರುತ್ತದೆ. ತಪ್ಪಾದದ್ದು ಮೊದಲ ಖಾನೆಗೆ ಮರಳುತ್ತದೆ, ಬೇಗ ಸರದಿ ಬರುತ್ತದೆ. ಬರುವುದನ್ನೇ ಮತ್ತೆ ಮತ್ತೆ ಓದಿ ಸಂತೋಷಪಡುವ ದೌರ್ಬಲ್ಯಕ್ಕೆ ಇದು ಒಳ್ಳೆಯ ಮದ್ದು.

ಗೈಡು ಮತ್ತು ಉತ್ತರಸಹಿತ ಪ್ರಶ್ನೆಪತ್ರಿಕೆಗಳ ವಿಷಯದಲ್ಲಿ ಒಂದು ಮಾತು. ಪ್ರಶ್ನೆ ಓದಿ, ಕೂಡಲೇ ಕೆಳಗಿನ ಉತ್ತರ ಓದಿ ‘ಹೌದು, ಇದೇ’ ಎನ್ನುವುದು ಗುರುತು ಹಿಡಿಯುವ ಆಟ. ಉತ್ತರವನ್ನು ಹಾಳೆಯಿಂದ ಮುಚ್ಚಿ, ತಾನು ಬರೆದು, ಆಮೇಲೆ ತಾಳೆ ನೋಡಿದರೆ ಅದೇ ಪುಸ್ತಕ ಉಪಯುಕ್ತವಾಗುತ್ತದೆ. ಬಣ್ಣದ ಪೆನ್ನಿನಿಂದ ಸಾಲುಗಳಿಗೆ ಗೆರೆ ಎಳೆಯುವುದೂ ಅಷ್ಟೆ. 2013ರಲ್ಲಿ ಜಾನ್ ಡನ್‌ಲೋಸ್ಕಿ ಮತ್ತು ಸಂಗಡಿಗರು ಹತ್ತು ಬಗೆಯ ಓದಿನ ಕ್ರಮಗಳನ್ನು ತುಲನೆ ಮಾಡಿದಾಗ, ಗೆರೆ ಎಳೆಯುವುದು ಮತ್ತು ಮತ್ತೆ ಮತ್ತೆ ಓದುವುದು ಕಡಿಮೆ ಉಪಯುಕ್ತ ಎಂಬ ಸಾಲಿಗೆ ಸೇರಿದವು. ಹೆಚ್ಚು ಉಪಯುಕ್ತ ಎನಿಸಿಕೊಂಡದ್ದು ಎರಡೇ. ಸ್ವಯಂ ಪರೀಕ್ಷೆ ಮತ್ತು ಅಂತರ ಬಿಟ್ಟು ಓದುವುದು.

ಎರಡು ಎಚ್ಚರಿಕೆಗಳು

ಪುಸ್ತಕ ಮುಚ್ಚಿ ಬರೆದ ಮೇಲೆ ಪುಸ್ತಕ ತೆರೆದು ತಿದ್ದಿಕೊಳ್ಳಲೇಬೇಕು. ಇಲ್ಲವಾದರೆ ತಪ್ಪೇ ಗಟ್ಟಿಯಾಗುವ ಅಪಾಯವಿದೆ. ಎರಡನೆಯದಾಗಿ, ಅರ್ಥವಾಗದ ಪಾಠವನ್ನು ನೆನೆಯಲು ಹೊರಟರೆ ಅದು ಗಿಳಿಪಾಠವಾಗುತ್ತದೆ. ‘ಓಮನ ನಿಯಮ ಹೇಳು’ ಎಂಬ ಪ್ರಶ್ನೆಯ ಜೊತೆಗೆ ‘ರೋಧ ಇಮ್ಮಡಿಯಾದರೆ ವಿದ್ಯುತ್ ಪ್ರವಾಹ ಏನಾಗುತ್ತದೆ, ಏಕೆ?’ ಎಂದೂ ಕೇಳಿಕೊಳ್ಳಬೇಕು. ಮೊದಲು ತಿಳಿಯಬೇಕು, ನಂತರ ನೆನೆಯಬೇಕು, ಕೊನೆಗೆ ತಿದ್ದಿಕೊಳ್ಳಬೇಕು.

ಕ್ರಮ ಬದಲಿಸಿದ ಮೊದಲ ಎರಡು ವಾರ ಕಷ್ಟದವು. ಖಾಲಿ ಹಾಳೆಯ ಮುಂದೆ ಕೂತ ಹುಡುಗಿಗೆ ನಾಲ್ಕೇ ಸಾಲು ಹೊಳೆದರೆ ತನಗೇನೂ ಬರುವುದಿಲ್ಲವೆಂದು ಅಳು ಬರಬಹುದು. ಪಾಲಕರೂ ಉಪಾಧ್ಯಾಯರೂ ಅವಳ ಪಕ್ಕದಲ್ಲಿ ಇರಬೇಕಾದದ್ದು ಆಗಲೇ. ‘ನಾಲ್ಕು ಸಾಲು ನಿನ್ನವೇ. ಉಳಿದದ್ದು ಎಲ್ಲಿದೆ ನೋಡಿಕೋ, ನಾಳೆ ಆರು ಬರುತ್ತದೆ’ ಎಂದು ಹೇಳುವವರೊಬ್ಬರು ಬೇಕು. ಪರೀಕ್ಷೆಯ ಕೊಠಡಿಯಲ್ಲಿ ಮೊದಲ ಬಾರಿಗೆ ಕಾಣುವ ಮರೆವನ್ನು ಮನೆಯ ಜಗಲಿಯಲ್ಲೇ ಕಂಡರೆ ಸರಿಪಡಿಸಲು ಕಾಲಾವಕಾಶವಿರುತ್ತದೆ. ಹಾಗೆ ಸರಿಪಡಿಸಿಕೊಂಡ ಮಗು ‘ನನ್ನ ತಲೆಗೆ ಹತ್ತೋದೇ ಇಷ್ಟು’ ಎಂದು ಹೇಳುವ ಪ್ರಸಂಗ ಬರುವುದು ಕಡಿಮೆ.